ಪಕ್ಕೆಗೆ ಇಳಿಯದ ಉಸಿರು

ವೈದ್ಯರು ನನ್ನ ಎದೆಯ ಸುತ್ತ ಅಳತೆಯ ಟೇಪು ಹಿಡಿದು, ಉಸಿರೆಲ್ಲ ಹೊರಗೆ ಬಿಡಿ ಎಂದರು. ಬಿಟ್ಟೆ. ಈಗ ಎಷ್ಟು ಸಾಧ್ಯವೋ ಅಷ್ಟು ಒಳಗೆ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಟೇಪಿನ ಮೇಲಿದ್ದ ಅವರ ಹೆಬ್ಬೆರಳು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

"ಇಷ್ಟೇನ್ರಿ?"

"ಇಷ್ಟರಿ."

ಇನ್ನೊಮ್ಮೆ ಅಳೆದರು. ಎರಡು ಸಲವೂ ವ್ಯತ್ಯಾಸ ಎರಡು ಸೆಂಟಿಮೀಟರ್ ದಾಟಲಿಲ್ಲ. ಆಮೇಲೆ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ಸೊಂಟದ ಕೆಳಗಿನ ಎರಡು ಕೀಲುಗಳನ್ನು ತೋರಿಸಿದರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಹೆಸರು ಹೇಳಿದರು. ನಾನು ಬರೆದುಕೊಡಲು ಕೇಳಿದೆ. ಬೆನ್ನುಮೂಳೆ ನಿಧಾನವಾಗಿ ಬಿಗಿಯುತ್ತ ಹೋಗುವ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿತದಲ್ಲಿ ಇಡಬಹುದು ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಗಂಡ ಬಸವರಾಜ ಒಂದೇ ಪ್ರಶ್ನೆ ಕೇಳಿದರು: "ನೌಕರಿ ಮಾಡಬಹುದೇನ್ರಿ?" ವೈದ್ಯರು, "ಅದನ್ನ ಅವರೇ ಹೇಳಬೇಕು" ಎಂದರು.

ಇದು ೨೦೦೪ರ ಆಗಸ್ಟ್, ಹುಬ್ಬಳ್ಳಿಯ ಒಂದು ಆಸ್ಪತ್ರೆ. ಆ ದಿನ ಜೋರು ಮಳೆ ಬರುತ್ತಿತ್ತೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ಡೈರಿ ತೆಗೆದು ನೋಡಿದರೆ, "ಬಿಸಿಲು. ಕೊಡೆ ಒಯ್ದದ್ದು ಸುಮ್ಮನೆ ಭಾರ" ಎಂದಿದೆ. ಬಸವರಾಜ ಕೆಲಸ ಮಾಡುವ ಬೀಜದ ಕಂಪನಿಯಿಂದ ವರ್ಷಕ್ಕೊಂದು ಡೈರಿ ಬರುತ್ತದೆ. ಅವರು ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಯಾವುದು ಡೈರಿಯದು, ಯಾವುದು ನನ್ನ ತಲೆಯದು ಎಂದು ಆದಷ್ಟು ಬೇರೆ ಮಾಡಿ ಹೇಳುತ್ತೇನೆ. ಮಳೆಯನ್ನು ಯಾಕೆ ಸುರಿಸಿಕೊಂಡೆನೋ ಗೊತ್ತಿಲ್ಲ.

ಔಷಧಿಗಾಗಿ ಕಾಯುತ್ತ ಕುಳಿತಿದ್ದಾಗ ನನ್ನ ಎದುರಿನ ಬೆಂಚಿನಲ್ಲಿ ದೇವರಗುಡ್ಡದ ಕಡೆಯ ಒಬ್ಬ ಹಿರಿಯರಿದ್ದರು. ಅವರ ಕುತ್ತಿಗೆ ಮುಂದಕ್ಕೆ ಬಾಗಿ ಅಲ್ಲೇ ನಿಂತುಬಿಟ್ಟಿತ್ತು. ಅವರಿಗೆ ಕಾಣುತ್ತಿದ್ದುದು ನೆಲ ಮಾತ್ರ.

"ತಂಗೀ, ನಿನ್ನ ಚಪ್ಪಲಿ ಉಂಗುಟ ಕೀಳಾಕ ಬಂದೈತಿ ನೋಡು. ಹೊಲಿಸಿಕೋ" ಎಂದರು. "ನಾ ಈಗ ಮಂದೀನ ಚಪ್ಪಲಿ ಮ್ಯಾಲೆ ಗುರ್ತ ಹಿಡೀತೀನಿ. ನನ್ನ ಸೊಸಿ ಹೊಸಾವು ತಗೊಂಡ್ಲಂದ್ರ ಯಾರೋ ಬೀಗರು ಬಂದಾರಂತ ಎದ್ದು ನಿಂದರತೀನಿ." ತಾವೇ ನಕ್ಕರು. ಸ್ವಲ್ಪ ಬಿಟ್ಟು, "ನಿನಗೂ ಇದ ಐತೇನು?" ಎಂದರು.

"ಇನ್ನ ಗೊತ್ತಿಲ್ಲರಿ" ಎಂದೆ. ಹೆಸರು ಬರೆದ ಚೀಟಿ ನನ್ನ ಮುಷ್ಟಿಯಲ್ಲೇ ಇತ್ತು.

"ನಾ ಹದಿನೈದು ವರ್ಷ ತೋರಿಸಲೇ ಇಲ್ಲ. ಎಣ್ಣಿ ತಿಕ್ಕೊಂಡು ಕುಂತೆ. ನೀ ಲಗೂ ಬಂದಿ, ಛಲೋ ಆತು."

ಅವರ ಹೆಸರನ್ನು ನಾನು ಕೇಳಲಿಲ್ಲ. ಅಂಜಿಕೆ ಎಂಬುದು ನನಗೆ ಆ ದಿನ ಸಿಕ್ಕಿದ್ದು ಅವರ ಕುತ್ತಿಗೆಯಿಂದ. ಸಮಾಧಾನವೂ ಅವರ ಮಾತಿನಿಂದಲೇ ಸಿಕ್ಕಿತು. ವೈದ್ಯರು ಹೇಳಿದ್ದು ನನಗೆ ಅರ್ಧ ಕೇಳಿಸಿರಲೇ ಇಲ್ಲ.

ನಾನು ಲಗೂ ಬಂದೆ ಎಂಬುದೂ ಪೂರ್ತಿ ನಿಜವಲ್ಲ. ಮಗಳು ಅಕ್ಷತಾ ಹುಟ್ಟಿದ ಮೇಲೆ ಶುರುವಾದ ಬೆನ್ನುನೋವು ಅದು, ನಾಲ್ಕು ವರ್ಷ ಹಳೆಯದು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮರದ ಹಲಗೆಯಂತೆ ಆಗಿರುತ್ತಿದ್ದೆ. ಆ ನಾಲ್ಕು ವರ್ಷ ಅದಕ್ಕೆ ನಮ್ಮ ಮನೆಯಲ್ಲಿ ಬೇರೆ ಹೆಸರಿತ್ತು: ಬಾಣಂತನ ಕೆಟ್ಟದ್ದು. ನಮ್ಮ ಕಡೆ ಹೆರಿಗೆಯಾದ ಹೆಂಗಸಿನ ಬೆನ್ನು ನೋಯಿತೆಂದರೆ ಕಾರಣ ಹುಡುಕಲು ಆಸ್ಪತ್ರೆಗೆ ಹೋಗುವುದಿಲ್ಲ, ತವರುಮನೆಗೆ ಹೋಗುತ್ತಾರೆ. ನನ್ನ ಬಾಣಂತನ ಮಾಡಿದ್ದು ಬ್ಯಾಡಗಿಯಲ್ಲಿ ನನ್ನ ಅವ್ವ. "ಸೊಂಟ ಬಿಗಿಯಾಗಿ ಕಟ್ಟಿಲ್ಲ. ಮೆಣಸಿನಕಾಯಿ ಸೀಜನ್ನಿನಾಗ ಅವರಿಗೆ ಮಗಳ ಕಡೆ ನೋಡಾಕ ಪುರಸತ್ತು ಎಲ್ಲೀದು" ಎಂದು ರಾಣೆಬೆನ್ನೂರಿನಲ್ಲಿ ನನ್ನ ಅತ್ತೆ ಹೇಳುತ್ತಿದ್ದರು. ಅವ್ವ ಅದನ್ನು ನಂಬಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯಿಂದ ಬಂದ ಸಂಜೆ ಫೋನು ಮಾಡಿ ಕಾಯಿಲೆಯ ಹೆಸರು ಹೇಳಿದೆ. ಅವ್ವ ಹೆಸರಿನ ಗೊಡವೆಗೆ ಹೋಗಲಿಲ್ಲ.

"ಅಂದ್ರ ಬಾಣಂತನದ್ದಲ್ಲೇನು?"

"ಅಲ್ಲಬೇ. ಅದು ಹುಟ್ಟಿನಿಂದ ರಕ್ತದಾಗ ಬರೂದಂತ."

"ಡಾಕ್ಟರು ಖರೇನ ಹಂಗಂದ್ರೇನು?"

"ಖರೇನ."

"ಹಂಗಾದ್ರ ಈಗ ನೀ ಅಂದದ್ದನ್ನ ಇನ್ನೊಮ್ಮೆ ಜೋರಲೆ ಅನ್ನು, ನಿಮ್ಮತ್ತಿಗೆ ಕೇಳೂ ಹಂಗ" ಎಂದಳು.

ಅತ್ತೆಗೆ ಹೇಳಿದಾಗ ಅವರು, "ಅಯ್ಯ, ನಾ ಯಾವಾಗ ಬಾಣಂತನದ್ದು ಅಂದೆ?" ಎಂದರು. ಡೈರಿಯಲ್ಲಿ ಎಂಟು ಹತ್ತು ಕಡೆ ಇದೆ. ತೋರಿಸಲಿಲ್ಲ. ಅವರು ಸುಳ್ಳು ಹೇಳುತ್ತಿದ್ದರೆಂದು ನನಗೆ ಅನಿಸಲಿಲ್ಲ. ನಾನು ಮಳೆ ಸುರಿಸಿಕೊಂಡಂತೆ ಅವರು ಮಾತು ಅಳಿಸಿಕೊಂಡಿದ್ದರು.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಆರು ವರ್ಷ ಅರೆಕಾಲಿಕಳಾಗಿ ದುಡಿದು, ಎರಡು ವರ್ಷದ ಹಿಂದಷ್ಟೇ ಕಾಯಂ ಆಗಿದ್ದೆ. ದಿನಾ ರಾಣೆಬೆನ್ನೂರಿನಿಂದ ಬಸ್ಸು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು, ಮೋಟೆಬೆನ್ನೂರಿನ ಹತ್ತಿರ ಬಸ್ಸುಗಳು ಅಗೆದ ಮಣ್ಣಿನ ಮೇಲೆ ಹಾಯುತ್ತಿದ್ದವು. ಪ್ರತಿ ಗುಂಡಿಗೂ ನಾನು ಮುಂದಿನ ಸೀಟಿನ ಕಂಬಿ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದೆ. ಕಾಲೇಜಿಗೆ ಹೋದರೆ ನಿಂತು ಪಾಠ. ನಮ್ಮ ಕಾಲೇಜಿನ ತರಗತಿಗಳಲ್ಲಿ ಮೇಜು ಇರುತ್ತದೆ, ಕುರ್ಚಿ ಇರುವುದಿಲ್ಲ. "ಕುಂತು ಮಾಡಿದ್ರ ಅದು ಪಾಠ ಅಲ್ಲ, ಹರಟಿ" ಎಂಬುದು ಪ್ರಿನ್ಸಿಪಾಲರ ಮಾತು.

ನವೆಂಬರಿನ ಒಂದು ದಿನ ಹಳಗನ್ನಡದ ಪದ್ಯವೊಂದನ್ನು ಓದುತ್ತಿದ್ದೆ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನ ನಡುವೆ ಬೆನ್ನು ಹಿಡಿಯಿತು. ಉಸಿರು ಮುಗಿದೇ ಹೋಯಿತು. ಬಾಯಿ ತೆರೆದೇ ಇದೆ, ದನಿ ಇಲ್ಲ. ಹುಡುಗರು ನಾನು ಪದ್ಯ ಮರೆತೆನೆಂದುಕೊಂಡರು. ಮುಂದಿನ ಬೆಂಚಿನವನೊಬ್ಬ ಮೆಲ್ಲಗೆ ಮುಂದಿನ ಪದ ಹೇಳಿಕೊಟ್ಟ. ಪುಸ್ತಕ ಮುಚ್ಚಿ ಹೊರಗೆ ಬಂದೆ. ಮರುದಿನದಿಂದ ರಜೆ ಹಾಕಿದೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಇದ್ದ ರಜೆಯನ್ನೆಲ್ಲ ಕೂಡಿಸಿ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಎಳೆದುಕೊಟ್ಟರು. ಆದರೆ ಒಂದು ಮಾತು ಖಂಡಿತ ಹೇಳಿದರು: "ಜೂನಿನಾಗ ಕಾಲೇಜು ಶುರುವಾಗೂ ದಿನ ಬರ್ತೀರೋ, ಬಿಡ್ತೀರೋ, ಬರದು ಕೊಡ್ರಿ ಮೇಡಂ. ಹುಡುಗರನ್ನ ಇನ್ನೊಂದು ವರ್ಷ ಖಾಲಿ ಕುಂಡ್ರಸಾಕ ಆಗೂದಿಲ್ಲ." ನನಗಿದ್ದದ್ದು ಏಳು ತಿಂಗಳು.

ಮಾತ್ರೆಗಳ ಜೊತೆ ಹುಬ್ಬಳ್ಳಿಯ ವೈದ್ಯರು ವ್ಯಾಯಾಮ ಕಲಿಯಲು ಹೇಳಿದ್ದರು. ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶಮೀಮಾ ಎಂಬ ಫಿಸಿಯೋಥೆರಪಿಸ್ಟ್ ಇದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಮಾತಿಗೆ ಮೊದಲು ನನ್ನನ್ನು ಚಾಪೆಯ ಮೇಲೆ ಮಲಗಿಸಿ, ತಮ್ಮ ಎರಡೂ ಅಂಗೈಗಳನ್ನು ನನ್ನ ಪಕ್ಕೆಗಳ ಮೇಲಿಟ್ಟು, "ಉಸುರಾಡ್ರಿ ಅಕ್ಕಾರ" ಎಂದರು.

ಉಸಿರಾಡಿದೆ.

"ಇಲ್ಲಿ ಬರವಲ್ದು. ನನ್ನ ಕೈ ನೂಕ್ರಿ."

ನೂಕಲು ಹೋದರೆ ಹೆಗಲು ಮೇಲೆದ್ದವು.

"ನೀವು ಬ್ಯಾಡಗಿಯವರೇನ್ರಿ?" ಎಂದರು.

ನಾನು ತಲೆ ಎತ್ತಿ ನೋಡಿದೆ.

"ನಮ್ಮ ಅಮ್ಮಿ ಬ್ಯಾಡಗಿಯೊಳಗ ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಬಿಡಿಸ್ಯಾಳ. ಹಿಂಗ ಉಸರಾಡತಿದ್ಲು. ಮೂಗಿನ ತುದಿಲೆ ಒಂದು ಗುಟುಕು, ಹಿಡಕೊಳ್ಳೂದು, ಥಟ್ಟನ ಬಿಡೂದು. ಘಾಟು ಒಳಗ ಇಳೀಬಾರದಲ್ಲ."

ನನ್ನ ನೆನಪಿನಲ್ಲಿ ಇದು ಮೊದಲ ದಿನವೇ ನಡೆದದ್ದು. ಡೈರಿಯ ಮೊದಲ ದಿನದಲ್ಲಿ, "ಹತ್ತೊಂಬತ್ತು ಮೆಟ್ಟಿಲು. ಇಳಿಯುವಾಗ ಕಷ್ಟ" ಎಂದಷ್ಟೇ ಇದೆ. ಬ್ಯಾಡಗಿಯ ಮಾತು ಬರುವುದು ಮೂರು ವಾರದ ನಂತರ. ಕಥೆ ಚೆಂದವಾಗಲೆಂದು ಮುಂದಕ್ಕೆ ತಂದುಕೊಂಡಿರಬೇಕು. ಆದರೆ ಮಾತು ಆಡಿದ್ದು ನಿಜ, ಅದನ್ನು ಬರೆದಿದ್ದೇನೆ. ನಾನು ತಲೆ ಎತ್ತಿ ನೋಡಿದ್ದೂ ನಿಜ, ಕುತ್ತಿಗೆ ನೋಯಿತೆಂದು ಬರೆದಿದ್ದೇನೆ.

ಅಪ್ಪನದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಸೀಜನ್ನಿನಲ್ಲಿ ಅಂಗಳ, ಪಡಸಾಲೆ, ಕೆಲವೊಮ್ಮೆ ದೇವರ ಕೋಣೆಯ ಬಾಗಿಲವರೆಗೂ ಮೆಣಸಿನಕಾಯಿ. ಸೆರಗನ್ನು ಮೂಗಿಗೆ ಕಟ್ಟಿಕೊಂಡ ಹೆಂಗಸರು ಬೆಳಗಿನಿಂದ ಕೂತು ತೊಟ್ಟು ಬಿಡಿಸುವರು. ಆ ಮನೆಯಲ್ಲಿ ಬೆಳೆದ ಮಕ್ಕಳಿಗೆ ನಡೆಯುವುದನ್ನು ಕಲಿಸಿದಂತೆ ಉಸಿರು ಹಿಡಿಯುವುದನ್ನೂ ಕಲಿಸುತ್ತಾರೆ. ಪಡಸಾಲೆಯ ಈ ಬಾಗಿಲಲ್ಲಿ ಒಂದು ಗುಟುಕು ತೆಗೆದುಕೊಂಡರೆ ಆ ಬಾಗಿಲಲ್ಲಿ ಬಿಡಬೇಕು. ನಾನು, ನನ್ನ ಅಣ್ಣ ಪಂದ್ಯ ಕಟ್ಟಿ ಆಡುತ್ತಿದ್ದೆವು. ಆಳವಾಗಿ ಉಸಿರೆಳೆದರೆ ಕೆಮ್ಮು, ಕಣ್ಣೀರು, ಮೇಲೆ ಒಂದು ಬೈಗುಳ. ಊರು ಬಿಟ್ಟು ಹದಿನೈದು ವರ್ಷವಾದರೂ ನಾನು ಘಾಟಿನಲ್ಲೇ ಉಸಿರಾಡುತ್ತಿದ್ದೆನೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಅಭ್ಯಾಸದಿಂದ ಕಾಯಿಲೆ ಬಂದದ್ದಲ್ಲ. ಶಮೀಮಾ ಅದನ್ನು ಎರಡೆರಡು ಸಲ ಹೇಳಿದರು. ಪಕ್ಕೆಯ ಕೀಲುಗಳು ಬಿಗಿಯುವ ಕಾಯಿಲೆ ಇದ್ದವಳಿಗೆ ಪಕ್ಕೆಗಳನ್ನು ಅಲುಗಿಸಿ ಗೊತ್ತೇ ಇಲ್ಲ, ತೊಂದರೆ ಅಷ್ಟೇ.

ಅವ್ವನಿಗೆ ಹೇಳಿದಾಗ ಅವಳಿಗೆ ಅದು ಅಷ್ಟೇ ಆಗಿ ಕೇಳಿಸಲಿಲ್ಲ. "ಬಾಣಂತನದ್ದು ಅಲ್ಲಂದಿ. ಈಗ ಉಸುರಿಂದಂತಿ. ಇದೂ ನಂದ ತಪ್ಪೇನು? ನಿನಗ ಉಸುರ ಹಿಡಿ ಅಂದಾಕಿ ನಾನ" ಎಂದಳು. ಮರುವಾರ ಒಂದು ಕೈಚೀಲ ಹಿಡಿದು ರಾಣೆಬೆನ್ನೂರಿಗೆ ಬಂದಳು. ಚೀಲದಲ್ಲಿ ಮೆತ್ತನೆಯ ಹಳೆಯ ನೂಲಿನ ಸೀರೆಯಿಂದ ಹರಿದ ಒಂದು ಉದ್ದ ಪಟ್ಟಿ ಇತ್ತು. ಬಾಣಂತಿಯ ಸೊಂಟಕ್ಕೆ ಕಟ್ಟುವ ಪಟ್ಟಿ. "ಆವಾಗ ಇದನ್ನ ಕಟ್ಟಿದ್ದೆ. ನಿಮ್ಮತ್ತಿ ನೋಡಲಿ ಅಂತ ತಂದೇನಿ" ಎಂದಳು.

ಅತ್ತೆ ನೋಡಿದರು. ಒಳಗೆ ಹೋಗಿ ಅವ್ವನಿಗೆ ಚಹಾ ತಂದುಕೊಟ್ಟರು.

ಆ ಪಟ್ಟಿಯಿಂದ ಕೆಲಸವಾಯಿತು. ಕೆಳಗಿನ ಪಕ್ಕೆಗಳ ಸುತ್ತ ಬಟ್ಟೆ ಸುತ್ತಿ, ತುದಿಗಳನ್ನು ಕೈಯಲ್ಲಿ ಹಿಡಿದು, ಉಸಿರಿನಿಂದ ಆ ಬಟ್ಟೆಯನ್ನು ಹೊರಗೆ ತಳ್ಳಬೇಕೆಂದು ಶಮೀಮಾ ಹೇಳಿದ್ದರು. ಟವೆಲ್ಲಿನಲ್ಲಿ ನನಗೆ ಗೊತ್ತಾಗುತ್ತಿರಲಿಲ್ಲ. ಈ ತೆಳು ಬಟ್ಟೆಯಲ್ಲಿ ಗೊತ್ತಾಯಿತು.

ಬೆಳಿಗ್ಗೆ ಐದೂವರೆಗೆ, ಹಾಸಿಗೆ ಬಿಡುವ ಮೊದಲೇ, ಮಂಡಿ ಮಡಚಿ ಮಲಗಿ ಶುರು ಮಾಡುತ್ತಿದ್ದೆ. ಮೊದಲ ವಾರ ನನ್ನದು ತಪ್ಪು ದಾರಿ. ಪರೀಕ್ಷೆಗೆ ಓದಿದವಳಂತೆ ಎದೆ ತುಂಬ ಎಳೆದೆಳೆದು ತಲೆ ತಿರುಗಿಸಿಕೊಂಡೆ. "ತುಂಬೂದು ಬ್ಯಾಡ್ರಿ ಅಕ್ಕಾರ, ಅದು ತಾನ ಬರತದ. ಬಿಡೂದು ಕಲೀರಿ" ಎಂದರು ಶಮೀಮಾ. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಎಣಿಸುವ ಕೆಲಸವನ್ನು ನಮ್ಮಲ್ಲೇ ಉಳಿದುಕೊಂಡ ಅವ್ವ ವಹಿಸಿಕೊಂಡಳು. ಪಕ್ಕದಲ್ಲಿ ತಾನೂ ಮಲಗಿ, ಕಣ್ಣು ಮುಚ್ಚಿ, ಅಂಗಡಿಯಲ್ಲಿ ಚೀಲ ಎಣಿಸುವಂತೆ ಎಣಿಸುತ್ತಿದ್ದಳು. ನಮ್ಮಲ್ಲಿ ಅಳತೆಗೆ ಒಂದು ಎನ್ನುವುದಿಲ್ಲ, ಮೊದಲನೆಯದು ಲಾಭ.

"ಲಾಭ… ಎರಡು… ಮೂರು… ನಾಕು. ಬಿಡು. ಲಾಭ… ಎರಡು…"

ಮೂರು ವಾರ ಕಳೆದರೂ ಏನೂ ಆಗಲಿಲ್ಲ. ಅದೇ ನೋವು, ಅದೇ ಹಲಗೆ. ಸಿಟ್ಟಿನಿಂದ ಶಮೀಮಾ ಅವರನ್ನು ಕೇಳಿದೆ, ಇದರಿಂದ ನೋವು ಹೋಗುತ್ತದೋ ಇಲ್ಲವೋ ಹೇಳಿಬಿಡಿ ಎಂದು.

"ಸುಳ್ಳು ಹೇಳೂದಿಲ್ಲರಿ. ಬ್ಯಾನಿ ಹೋಗತದೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ಬ್ಯಾನಿ ಬಂದ ಕೂಡ್ಲೆ ನೀವು ಉಸುರ ಹಿಡದು, ಹಲ್ಲು ಕಚ್ಚಿ, ಮೈಯೆಲ್ಲ ಗಟ್ಟಿ ಮಾಡ್ತೀರಿ. ಅದರದೊಂದು ಬ್ಯಾನಿ ಬ್ಯಾರೆ ಐತಿ. ಅದು ಹೋಗತದ."

"ಎಷ್ಟು ದಿನಕ್ಕ?"

"ದಿನಾ ಮಾಡಿದ್ರ ಅಂತೀನಿ. ದಿನ ಎಷ್ಟಂತ ಹೇಳಿಲ್ಲ."

ಮೊದಲ ಗುರುತು ಸಿಕ್ಕಿದ್ದು ಫೆಬ್ರವರಿಯಲ್ಲಿ, ನಾನು ಕಾಯದೆ ಇದ್ದಾಗ. ಅಕ್ಷತಾಳನ್ನು ಆಗ ಬಾಲವಾಡಿಗೆ ಹಾಕಿದ್ದೆವು. ಒಂದು ಬೆಳಿಗ್ಗೆ ಬಂದು ನಮ್ಮಿಬ್ಬರ ನಡುವೆ ತೂರಿಕೊಂಡು ಅಜ್ಜಿಯ ಎಣಿಕೆ ಕೇಳಿದಳು.

"ಆಯೀ, ತಪ್ಪು. ಒಂದು ಅನ್ನಬೇಕು."

"ಒಂದು ಅಂದ್ರ ಒಂದಾ ಉಳೀತದ. ಲಾಭ ಅಂದ್ರ ಹೆಚ್ಚಾಗತದ."

"ನಮ್ಮ ಟೀಚರ್ ಹೊಡೀತಾರ."

"ನಿಮ್ಮ ಟೀಚರಿಗೆ ಮೆಣಸಿನಕಾಯಿ ಚೀಲ ಎಣಸಾಕ ಹಚ್ಚು. ಆಮ್ಯಾಲೆ ಯಾರು ಯಾರಿಗೆ ಹೊಡೀತಾರ ನೋಡೂಣು."

ನನಗೆ ನಗು ಬಂತು. ವರ್ಷಗಳಿಂದ ನಗು ಬಂದರೆ ನಾನು ಮೊದಲು ಬೆನ್ನು ಹಿಡಿದುಕೊಳ್ಳುತ್ತಿದ್ದೆ, ಸೀನು ಬಂದರೆ ಗೋಡೆ ಹಿಡಿಯುತ್ತಿದ್ದಂತೆ. ಆ ದಿನದ ಡೈರಿ ಹೀಗಿದೆ: "ನಕ್ಕೆ. ಬೆನ್ನು ಹಿಡಿಯಿತು. ಆದರೂ ನಕ್ಕು ಮುಗಿಸಿದೆ."

ಇದನ್ನೇ ಉಸಿರಾಟದ ಫಲ ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಅದೇ ತಿಂಗಳು ವೈದ್ಯರು ಮಾತ್ರೆ ಬದಲಿಸಿದ್ದರು. ಬೇಸಿಗೆ ಹತ್ತಿರ ಬಂದಿತ್ತು. ಅವ್ವ ಮನೆಯಲ್ಲಿದ್ದಳು. ಯಾವುದರಿಂದ ಎಷ್ಟು ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಈಗ ೨೦೦೯ರಲ್ಲಿ ಐದು ವರ್ಷದ ಡೈರಿಗಳನ್ನು ಒಟ್ಟಿಗೆ ಹರವಿಕೊಂಡು ನೋಡಿದ್ದೇನೆ. ದಿನಾ ಪುಟದ ಮೂಲೆಯಲ್ಲಿ ನೋವಿಗೆ ಹತ್ತರಲ್ಲಿ ಅಂಕ ಹಾಕುವ ರೂಢಿ ನನ್ನದು. ಶುರುವಿನ ತಿಂಗಳುಗಳಲ್ಲಿ ಏಳು, ಏಳು, ಆರು, ಎಂಟು. ಒಂದು ವರ್ಷದ ಮೇಲೆ ಆರು, ಐದು, ಏಳು, ಐದು. ಮೇಷ್ಟ್ರ ಕಣ್ಣಿನಿಂದ ನೋಡಿದರೆ ಅಂಥ ಸುಧಾರಣೆಯೇನಲ್ಲ. ಮಧ್ಯೆ ಒಂದು ಮಳೆಗಾಲ ಚೆನ್ನಾಗಿದ್ದೇನೆಂದು ಉಸಿರಾಟ ಬಿಟ್ಟೆ, ಆರನೆಯ ವಾರ ಏಳಲಾಗದೆ ಬಿದ್ದೆ. ಬಿಟ್ಟದ್ದಕ್ಕೇ ಬಿದ್ದೆನೋ, ಬೀಳುವುದೇ ಇತ್ತೋ, ಹೇಳಲಾರೆ. ಮತ್ತೆ ಹಿಡಿದುಕೊಂಡೆ.

ಬದಲಾದದ್ದು ಅಂಕವಲ್ಲ, ಅದರ ಕೆಳಗಿನ ಬರಹ. ಮೊದಲಿನ ಪುಟಗಳಲ್ಲಿ ನೋವೇ ತುಂಬಿಕೊಂಡಿದೆ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮಗ್ಗುಲು. ಒಂದು ವರ್ಷದ ಮೇಲೆ ಮೂಲೆಯಲ್ಲಿ ಆರು ಎಂದಿದ್ದರೂ ಕೆಳಗೆ ಬೇರೆಯದೇ ಇದೆ. ತೊಗರಿಬೇಳೆ ತೀರಿದೆ. ಅಕ್ಷತಾಳಿಗೆ ಬೂಟು ಸಣ್ಣದಾಗಿದೆ. ಅತ್ತೆ ಮತ್ತು ಅವ್ವ ಕೂಡಿ ಶಾವಿಗೆ ಹೊಸೆದರು, ನನ್ನನ್ನು ಕರೆಯಲಿಲ್ಲ. ನೋವು ಹೋಗಿರಲಿಲ್ಲ, ಆದರೆ ಪುಟದಲ್ಲಿ ಜಾಗ ಬಿಟ್ಟುಕೊಟ್ಟಿತ್ತು. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಅದರ ಜೊತೆ ಸುಮ್ಮನೆ ಮಲಗಿ ಅದಕ್ಕೆ ಸಲ್ಲಬೇಕಾದ ಹೊತ್ತು ಕೊಟ್ಟದ್ದಕ್ಕೆ ಇರಬಹುದು. ಇದು ನನ್ನ ಊಹೆ. ನಿಮ್ಮ ಬೆನ್ನಿನದು ಬೇರೆ ಇರಬಹುದು.

ಆದರೆ ೨೦೦೫ರ ಮೇ ತಿಂಗಳಲ್ಲಿ ನನಗೆ ಇದಾವುದೂ ಗೊತ್ತಿರಲಿಲ್ಲ. ಕಾಲೇಜು ಶುರುವಾಗಲು ಹತ್ತು ದಿನವಿತ್ತು. ಶಮೀಮಾ ಅಳೆದಾಗ ಟೇಪು ಮೂರು ಸೆಂಟಿಮೀಟರ್ ತೋರಿಸಿತು. ಬಸವರಾಜ ಆ ಸಂಜೆ ಹೇಳಿದರು: "ಬಿಟ್ಟುಬಿಡು ಸುಜಾತಾ. ನನ್ನ ಪಗಾರದಾಗ ಮನಿ ನಡೀತದ. ಆ ರಸ್ತೆದಾಗ ನೀ ಬೆನ್ನು ಮುರಕೊಂಡ್ರ ನಾ ಯಾರನ್ನ ಕೇಳಲಿ?"

"ಬಿಟ್ಟರ ನಾ ದಿನಾ ಏನ ಮಾಡ್ಲಿ?"

"ಆರಾಮ ತಗೋ."

"ಆರಾಮ ತಗೊಂಡಷ್ಟೂ ಬಿಗೀತದಂತ ಡಾಕ್ಟರು ಹೇಳ್ಯಾರಲ್ಲ."

"ಅದು ಬೆನ್ನಿಂದು. ನಾ ನಿನ್ನ ಮಾತ ಹೇಳಾಕತ್ತೇನಿ" ಎಂದರು. ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಅವರೂ ಆ ದೇವರಗುಡ್ಡದ ಹಿರಿಯರನ್ನು ನೋಡಿದ್ದರು. ನಾವಿಬ್ಬರೂ ಆ ಬಗ್ಗೆ ಒಮ್ಮೆಯೂ ಮಾತಾಡಿರಲಿಲ್ಲ.

ಎರಡು ಪತ್ರ ಬರೆದೆ. ಒಂದರಲ್ಲಿ ರಾಜೀನಾಮೆ. ಇನ್ನೊಂದರಲ್ಲಿ ಕೆಲಸಕ್ಕೆ ಹಾಜರಾಗುತ್ತೇನೆ, ತರಗತಿಯಲ್ಲಿ ನನಗೊಂದು ಕುರ್ಚಿ ಬೇಕು ಎಂದು. ಎರಡನ್ನೂ ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜು ಶುರುವಾಗುವ ದಿನ ಬಸ್ಸು ಹತ್ತಿದೆ. ಹಾವೇರಿ ಮುಟ್ಟುವಷ್ಟರಲ್ಲಿ ಬೆನ್ನು ಏನು ಹೇಳುತ್ತದೋ ಆ ಪತ್ರ ಕೊಡುವುದೆಂದು ನಿಶ್ಚಯಿಸಿದ್ದೆ. ಈಗ ಯೋಚಿಸಿದರೆ ಅದು ನಿಶ್ಚಯವೇ ಅಲ್ಲ, ನಿಶ್ಚಯಿಸುವ ಕೆಲಸವನ್ನು ಹೆದ್ದಾರಿಗೆ ವಹಿಸಿದ್ದೆ.

ಮೋಟೆಬೆನ್ನೂರಿನ ಹತ್ತಿರ ಬಸ್ಸು ಮಣ್ಣಿನ ದಾರಿಗೆ ಇಳಿದು ನಿಂತಿತು. ಮುಂದೆ ಸಾಲು ಸಾಲು ಗಾಡಿ. ನಮ್ಮ ಕಿಟಕಿಗೆ ತಾಗುವಂತೆ ಬಂದು ನಿಂತದ್ದು ಮೆಣಸಿನಕಾಯಿ ಚೀಲ ಹೇರಿದ ಲಾರಿ. ಮೇಲಿನ ಒಂದು ಚೀಲ ಹರಿದಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಒಬ್ಬರು ಕೆಮ್ಮಿದರು, ಆಮೇಲೆ ಇಡೀ ಬಸ್ಸು. ನನ್ನ ಪಕ್ಕದಲ್ಲಿದ್ದ ಅಗಡಿಯ ಹೆಂಗಸೊಬ್ಬಳು ಸೆರಗು ಮೂಗಿಗೊತ್ತಿ, "ಉಸುರ ಹಿಡೀರಬೇ, ಲಾರಿ ಮುಂದ ಹೋಗೂತನಾ" ಎಂದಳು.

ಹಿಡಿದೆ. ಹಿಡಿದದ್ದು ನನಗೆ ಗೊತ್ತೇ ಆಗಲಿಲ್ಲ. ಏಳು ತಿಂಗಳು ಕಲಿತದ್ದು ಒಂದು ಗಳಿಗೆಯಲ್ಲಿ ಹೋಯಿತು. ಹೆಗಲು ಏರಿದವು, ಹಲ್ಲು ಕಚ್ಚಿದವು, ಕೆಮ್ಮನ್ನು ನುಂಗಿದೆ, ಮತ್ತು ಸೊಂಟದಿಂದ ಕುತ್ತಿಗೆಯವರೆಗೆ ಬೆನ್ನು ಒಂದೇ ಕಟ್ಟಿಗೆಯಾಗಿ ನಿಂತಿತು. ಕಣ್ಣಿಗೆ ಕತ್ತಲೆ ಕವಿಯಿತು. ಎದ್ದು ನಿಂತೆನಂತೆ. ಅದು ನನಗೆ ನೆನಪಿಲ್ಲ.

"ಯಾಕ್ರಿ ಮೇಡಂ?" ಕಂಡಕ್ಟರ್ ಕೇಳಿದ. "ಆರಾಮಿಲ್ಲೇನು? ಇಳೀತೀರಂದ್ರ ಇಳೀರಿ. ರಾಣೆಬೆನ್ನೂರು ಬಸ್ಸು ಅಲ್ಲೇ ನಿಂತೈತಿ, ನಾ ಹತ್ತಸ್ತೀನಿ."

ಇನ್ನೊಂದು ಬದಿಯ ಕಿಟಕಿಯಲ್ಲಿ ಆ ಬಸ್ಸು ಕಾಣುತ್ತಿತ್ತು. ಮುಂದಿನ ಸೀಟೊಂದು ಖಾಲಿ ಇತ್ತು. ಹೆದ್ದಾರಿ ತನ್ನ ತೀರ್ಪು ಕೊಟ್ಟಾಗಿತ್ತು.

ಕೂತೆ. ಸೆರಗನ್ನು ನಾಲ್ಕು ಮಡಿಕೆ ಮಾಡಿ ಮೂಗಿನ ಮೇಲಿಟ್ಟುಕೊಂಡೆ. ಮೊದಲು ಬಿಟ್ಟೆ, ಇದ್ದದ್ದನ್ನೆಲ್ಲ, ಮೆಲ್ಲಗೆ. ಕೆಮ್ಮು ಬಂತು, ಕೆಮ್ಮಿದೆ. ಬಹಳ ನೋಯಿತು. ಮತ್ತೆ ಬಿಟ್ಟೆ. ಬಟ್ಟೆಯ ಮೂಲಕ ಸ್ವಲ್ಪ ಒಳಗೆ, ನಾಲ್ಕರ ಬದಲು ಎರಡೇ ಎಣಿಕೆ, ಆದರೆ ಪಕ್ಕೆಯವರೆಗೆ. ಘಾಟೂ ಅದರ ಜೊತೆ ಇಳಿಯಿತು. ಇಳಿಯಲಿ ಎಂದುಕೊಂಡೆ. ಎಷ್ಟು ಸಲ ಮಾಡಿದೆನೋ ಎಣಿಸಲಿಲ್ಲ. ಹೆಗಲು ಇಳಿದವು. ಬೆನ್ನು ನೋಯುತ್ತಲೇ ಇತ್ತು, ಆದರೆ ಈಗ ನೋಯುತ್ತಿದ್ದುದು ಕೆಳಗಿನ ಆ ಎರಡು ಕೀಲುಗಳು ಮಾತ್ರ. ಅವು ನನಗೆ ಪರಿಚಯದವು.

"ಮೇಡಂ, ಏನಂತೀರಿ?" ಎಂದ ಕಂಡಕ್ಟರ್.

"ಹಾವೇರಿ ತನಕ ಟಿಕೆಟ್ ತಗೊಂಡೇನಲ್ಲಪಾ" ಎಂದೆ.

ಕಾಲೇಜು ಮುಟ್ಟಿದಾಗ ಎರಡು ತಾಸು ತಡವಾಗಿತ್ತು. ಪ್ರಿನ್ಸಿಪಾಲರ ಮುಂದೆ ಪತ್ರ ಇಟ್ಟೆ. ಓದಿದರು, ಕನ್ನಡಕ ತೆಗೆದರು.

"ಕುರ್ಚಿ ಅಂತ ಬರದೀರಿ."

"ಹೌದ್ರಿ ಸರ್."

"ನಾಳೆ ಎಲ್ಲಾರೂ ಕೇಳ್ತಾರ."

"ಕೇಳಲ್ರಿ. ಅವರಿಗೂ ನನ್ನ ಬೆನ್ನು ಇದ್ರ ಕೊಡ್ರಿ."

ಪತ್ರವನ್ನು ಮಡಚಿ ಫೈಲಿನೊಳಗೆ ಇಟ್ಟರು. ಜವಾನನನ್ನು ಕರೆದು, "ಕೈ ಇಲ್ಲದ ಕುರ್ಚಿ ಒಯ್ಯಪಾ, ಹತ್ತನೇ ನಂಬರ್ ಕೋಣಿಗೆ" ಎಂದರು.

ಪಾಠ ನಲವತ್ತೈದು ನಿಮಿಷ. ಅರ್ಧ ಕೂತು, ಅರ್ಧ ನಿಂತು. ಪದ್ಯದ ಎರಡನೆಯ ಸಾಲಿನಲ್ಲಿ ನಿಲ್ಲಬಾರದ ಕಡೆ ಒಮ್ಮೆ ನಿಂತೆ, ಉಸಿರು ಬಿಟ್ಟೆ, ತೆಗೆದುಕೊಂಡೆ, ಮುಂದೆ ಓದಿದೆ. ಹೊಸ ಹುಡುಗರು, ಅವರಿಗೆ ಹಳಗನ್ನಡವೆಂದರೆ ಹೀಗೇ ಓದುವುದೆಂದು ಅನಿಸಿರಬಹುದು. ಯಾರೂ ಮುಂದಿನ ಪದ ಹೇಳಿಕೊಡಲಿಲ್ಲ.

ಸಂಜೆ ಬಸವರಾಜ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಇಳಿಯುವಾಗ ನನ್ನ ಮುಖವನ್ನಲ್ಲ, ಮೆಟ್ಟಿಲ ಮೇಲೆ ನಾನು ಕಾಲಿಡುವುದನ್ನು ನೋಡುತ್ತಿದ್ದರು.

"ಹ್ಯಾಂಗಾತು?"

"ಬ್ಯಾನಿ ಇತ್ತರಿ. ಪಾಠಾನೂ ಆತು."

ಸ್ಕೂಟರ್ ಹತ್ತಿರ ಬಂದಾಗ ನನ್ನ ಬ್ಯಾಗು ತೆಗೆದುಕೊಂಡು ಮುಂದೆ ತೂಗುಹಾಕಿದರು.

"ನಾಳೆ?"

"ನಾಳೆ ನಂದು ಮೊದಲನೇ ತಾಸು. ಆರರ ಬಸ್ಸು ಹಿಡೀಬೇಕು."

"ಹಂಗಾದ್ರ ಐದಕ್ಕ ಎಬ್ಬಸ್ಲಿ?"

"ನಾಕೂವರಿಗೆ ಎಬ್ಬಸ್ರಿ" ಎಂದೆ. "ಉಸುರಿಗೆ ಅರ್ಧ ತಾಸು ಬೇಕು."